ಹಿಮಗಟ್ಟುವ ನೀರಿನಲ್ಲೇ ಹಾಯಿದೋಣಿಯನ್ನು ಚಳಿಗಾಲ ದಾಟಿಸುವುದು ಹೇಗೆ: ತಿಪಟೂರಿನಿಂದ ಒಂದು ಸಮಗ್ರ ಮಾರ್ಗದರ್ಶಿ

ಡಿಸೆಂಬರ್ ಬಂದರೆ ತಿಪಟೂರಿನ ನಮ್ಮ ಮನೆಯಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಸಾಕು, ಬೆಳ್ಳಗಾಗಿ ಕೂರುತ್ತದೆ. ಬಿಸಿಲಿಗೆ ಇಟ್ಟರೆ ಕರಗುತ್ತದೆ. ಬಾಟಲಿಗೆ ಏನೂ ಆಗುವುದಿಲ್ಲ, ಯಾಕೆಂದರೆ ಎಣ್ಣೆ ಗಟ್ಟಿಯಾಗುವಾಗ ಕುಗ್ಗುತ್ತದೆ. ನೀರು ಹಾಗಲ್ಲ. ಗಟ್ಟಿಯಾಗುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಹಿಗ್ಗಲು ಜಾಗ ಸಿಗದಿದ್ದರೆ ಕಂಚಿನ ವಾಲ್ವ್ ಆಗಲಿ, ಎರಕದ ಇಂಜಿನ್ ಬ್ಲಾಕ್ ಆಗಲಿ, ಸೀಳಿಬಿಡುತ್ತದೆ.

ಈ ಮಾತನ್ನು ಮೊದಲು ಹೇಳಿದ್ದು ನನ್ನ ತಂಗಿಯ ಮಗನಿಗೆ. ಅವನು ಟೊರಾಂಟೊದಲ್ಲಿದ್ದಾನೆ. 30 ಅಡಿ ಉದ್ದದ ಹಳೇ ಹಾಯಿದೋಣಿ ಕೊಂಡಿದ್ದಾನೆ. ಅಲ್ಲಿ ಹೆಚ್ಚಿನವರು ಅಕ್ಟೋಬರ್‌ನಲ್ಲಿ ಕ್ರೇನ್ ತರಿಸಿ ದೋಣಿಯನ್ನು ದಡಕ್ಕೆ ಎತ್ತಿಸುತ್ತಾರೆ. ಇವನಿಗೆ ದಡದಲ್ಲಿ ಜಾಗ ಸಿಗಲಿಲ್ಲ. "ಮಾವ, ನೀರಲ್ಲೇ ಬಿಟ್ರೆ ಏನಾಗುತ್ತೆ?" ಎಂದು ಕೇಳಿದ. ಊರಿಗೆ ವಾಪಸ್ ಬರುವ ಮೊದಲು ನಾನು ಒಂಟಾರಿಯೊ ಸರೋವರದ ದಡದಲ್ಲಿ ದೋಣಿ ರಿಪೇರಿ ಯಾರ್ಡ್ ಒಂದರಲ್ಲಿ 11 ವರ್ಷ ದುಡಿದವನು. ಇಲ್ಲಿ ರಾತ್ರಿ 8 ಗಂಟೆ ಆದಾಗ ಅಲ್ಲಿ ಬೆಳಗ್ಗೆ 9:30. ಒಂದು ವಾರ ದಿನಾ ಇದೇ ಮಾತು ನಡೆಯಿತು. ಅವನಿಗೆ ಹೇಳಿದ್ದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಜನ ಸಮುದ್ರದ ಜನ ಅಲ್ಲ, ನಿಜ. ಆದರೆ ಪಂಪು, ವಾಲ್ವು, ಪೈಪು ನಮಗೆ ಚೆನ್ನಾಗಿ ಗೊತ್ತು. ಬೋರ್‌ವೆಲ್ ಇಟ್ಟುಕೊಂಡ ಮನೆಯಲ್ಲಿ ಬೆಳೆದವರಿಗೆ ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಕಣ್ಣಿಗೇ ಕಾಣುತ್ತದೆ. ದೋಣಿಯ ಚಳಿಗಾಲದ ಕೆಲಸದಲ್ಲಿ ಮುಕ್ಕಾಲು ಪಾಲು ಅದೇ. ನಿಂತ ನೀರನ್ನು ಹುಡುಕಬೇಕು, ತೆಗೆಯಬೇಕು.

ದೋಣಿ ಮುಳುಗುವುದು ಚಳಿ ಮುಗಿದಾಗ

ಶುರು ಮಾಡುವ ಮೊದಲು ಎರಡು ಸಂಗತಿ ತಲೆಯಲ್ಲಿರಲಿ.

ಒಂದು, ನೀರಲ್ಲಿರುವ ದೋಣಿಗೆ ಒಂದು ಅನುಕೂಲ ಇದೆ. ಟೊರಾಂಟೊದಲ್ಲಿ ಜನವರಿಯ ಕೆಲವು ರಾತ್ರಿ ಗಾಳಿ ಮೈನಸ್ 20 ಮುಟ್ಟುತ್ತದೆ. ದಡದಲ್ಲಿರುವ ದೋಣಿ ಪೂರ್ತಿ ಅಷ್ಟೇ ತಣ್ಣಗಾಗುತ್ತದೆ. ನೀರಲ್ಲಿರುವ ದೋಣಿಯ ತಳಕ್ಕೆ ತಾಗುವ ನೀರು ಮಾತ್ರ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ. ಹಾಗಾಗಿ ತಳ ಸ್ವಲ್ಪ ಬೆಚ್ಚಗಿರುತ್ತದೆ. ಅಪಾಯ ಇರುವುದು ನೀರಿನ ಮಟ್ಟದ ಆಸುಪಾಸಿನಲ್ಲಿ ಮತ್ತು ಅದರ ಮೇಲೆ.

ಎರಡು, ಹಿಮದಿಂದ ಪೈಪು ಸೀಳಿದ ದಿನ ಏನೂ ಗೊತ್ತಾಗುವುದಿಲ್ಲ. ಸೀಳಿದ ಬಾಯಿಯನ್ನು ಅದೇ ಮಂಜುಗಡ್ಡೆ ಮುಚ್ಚಿಕೊಂಡಿರುತ್ತದೆ. ಮಾರ್ಚ್‌ನಲ್ಲಿ ಬಿಸಿಲು ಬಂದು ಗಡ್ಡೆ ಕರಗಿದಾಗ ನೀರು ಒಳಗೆ ನುಗ್ಗುತ್ತದೆ. ನನ್ನ ಸ್ವಂತ ದೋಣಿಗೇ ಹೀಗಾಯಿತು. ಅಡುಗೆ ಸಿಂಕಿನ ನೀರು ಹೊರಗೆ ಹೋಗುವ ವಾಲ್ವ್ ಮುಚ್ಚಲು ಮರೆತಿದ್ದೆ. ಹೋಸ್ ಒಳಗಿನ ನೀರು ಗಟ್ಟಿಯಾಗಿ ಹೋಸನ್ನು ವಾಲ್ವಿನ ಬಾಯಿಂದ ತಳ್ಳಿತ್ತು. ಚಳಿಯುದ್ದಕ್ಕೂ ಒಳಗೆ ಒಂದು ಹನಿ ನೀರಿಲ್ಲ. ಕರಗಿದ ಎರಡನೇ ದಿನ ಪಕ್ಕದ ದೋಣಿಯವರು ಫೋನ್ ಮಾಡಿದರು. ಹೋಗಿ ನೋಡಿದರೆ ನೆಲದ ಹಲಗೆಗಳು ತೇಲುತ್ತಿದ್ದವು. ಅವರು ಗಮನಿಸದಿದ್ದರೆ ಸಂಜೆಯೊಳಗೆ ದೋಣಿ ಮುಳುಗಿ ಸರೋವರದ ತಳ ಸೇರುತ್ತಿತ್ತು.

ನಮ್ಮ ಕಡೆ ಬೋರ್ ಕೊರೆಸಿದಾಗ "ಎಷ್ಟು ಇಂಚು ನೀರು ಬಿತ್ತು?" ಎಂದು ಕೇಳುತ್ತೇವೆ ಅಲ್ವಾ? ನೀರಿನ ಮಟ್ಟದಿಂದ 2 ಅಡಿ ಕೆಳಗೆ 1 ಇಂಚಿನ ತೂತಾದರೆ ನಿಮಿಷಕ್ಕೆ 60 ಲೀಟರ್‌ನಷ್ಟು ನೀರು ಒಳಗೆ ಬರುತ್ತದೆ. ರಾತ್ರಿಯಿಡೀ ಬಂದರೆ ಯಾವ ಬ್ಯಾಟರಿಯೂ ಪಂಪನ್ನು ಅಷ್ಟು ಹೊತ್ತು ಓಡಿಸುವುದಿಲ್ಲ.

ಹಿಮ ಬೀಳುವ ಮೊದಲೇ: ಹಾಯಿ, ಹಗ್ಗ, ಹಾಸಿಗೆ

ಇದು ಸುಲಭದ ಕೆಲಸ. ಅಕ್ಟೋಬರ್‌ನ ಒಣ ದಿನ ನೋಡಿ ಹಾಯಿಗಳನ್ನು ಪೂರ್ತಿ ಇಳಿಸಿ, ಸಿಹಿನೀರಲ್ಲಿ ತೊಳೆದು, ಒಣಗಿಸಿ, ಮಡಚಿ ಮನೆಗೆ ಒಯ್ಯಿರಿ. ಮುಂದಿನ ಹಾಯಿಯನ್ನು ಸುರುಳಿ ಸುತ್ತಿ ಅಲ್ಲೇ ಬಿಡುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬೇಡ. ಚಳಿಗಾಲದ ಬಿರುಗಾಳಿಗೆ ಸುರುಳಿ ಬಿಚ್ಚಿಕೊಂಡರೆ ಹಾಯಿ ಹರಿಯುತ್ತದೆ, ಕಟ್ಟಿದ ಹಗ್ಗವೂ ಕಿತ್ತು ಹೋಗಬಹುದು. ಮಾಸ್ಟ್, ಅಂದರೆ ಹಾಯಿಕಂಬ, ನಿಲ್ಲಿಸಿಯೇ ಬಿಡುವುದಾದರೆ ಅದರ ಬುಡದ ಸಣ್ಣ ತೂತನ್ನು ತಂತಿ ಹಾಕಿ ಬಿಡಿಸಿ. ಟೊಳ್ಳು ಕಂಬದೊಳಗೆ ಮಳೆನೀರು ನಿಂತು ಗಟ್ಟಿಯಾದರೆ ಅಲ್ಯೂಮಿನಿಯಂ ಕಂಬವೂ ಉದ್ದಕ್ಕೆ ಸೀಳುತ್ತದೆ. ಡೆಕ್, ಅಂದರೆ ದೋಣಿಯ ಮೇಲ್ಹಾಸು, ಅದರ ಮೇಲಿನ ಕಟಕಟೆಯ ಕಂಬಿಗಳ ಬುಡಕ್ಕೂ ಇದೇ ಮಾತು.

ಬಟ್ಟೆ, ಪುಸ್ತಕ, ದಿನಸಿ ಎಲ್ಲ ಮನೆಗೆ ತನ್ನಿ. ಹಾಸಿಗೆಗಳನ್ನು ಒಯ್ಯಲಾಗದಿದ್ದರೆ ಗಾಳಿಯಾಡುವ ಹಾಗೆ ಎತ್ತಿ ನಿಲ್ಲಿಸಿ. ಕಪಾಟುಗಳ ಬಾಗಿಲು ತೆರೆದಿರಲಿ.

ಇಂಜಿನ್: ಇಬ್ಬರು ಇದ್ದರೆ ಒಂದು ಮಧ್ಯಾಹ್ನದ ಕೆಲಸ

ಡೀಸೆಲ್ ಟ್ಯಾಂಕ್ ತುಂಬಿಸಿ. ಖಾಲಿ ಜಾಗ ಜಾಸ್ತಿ ಇದ್ದಷ್ಟೂ ಒಳಗೆ ಬೆವರಿ ನೀರಾಗುತ್ತದೆ. ಆ ನೀರಲ್ಲಿ ಸೂಕ್ಷ್ಮಜೀವಿ ಬೆಳೆದು ಫಿಲ್ಟರ್ ಕಟ್ಟುತ್ತದೆ. ಅದನ್ನು ತಡೆಯುವ ಔಷಧಿಯನ್ನೂ ಸೇರಿಸಿ. ಬೇಸಿಗೆಯ ಡೀಸೆಲ್ ಚಳಿಗೆ ಮೇಣದಂತೆ ಗಟ್ಟಿಯಾಗುತ್ತದೆ. ಆದ್ದರಿಂದ ಕೊನೆಯ ಸಲ ತುಂಬಿಸುವಾಗ ಚಳಿಗಾಲದ ಡೀಸೆಲ್ಲೇ ಇರಲಿ.

ಇಂಜಿನ್ ಓಡಿಸಿ ಬಿಸಿ ಮಾಡಿ, ಬಿಸಿ ಇರುವಾಗಲೇ ಎಣ್ಣೆ ಮತ್ತು ಫಿಲ್ಟರ್ ಬದಲಿಸಿ. ಹಳೇ ಎಣ್ಣೆಯಲ್ಲಿ ಆಮ್ಲ ಸೇರಿರುತ್ತದೆ. ನಾಲ್ಕೈದು ತಿಂಗಳು ಒಳಗೇ ನಿಂತರೆ ಬೇರಿಂಗ್ ತಿನ್ನುತ್ತದೆ. ಇದನ್ನು ವಸಂತಕ್ಕೆ ಮುಂದೂಡುವವರನ್ನು ತುಂಬ ನೋಡಿದ್ದೇನೆ. ಚಳಿಗಾಲಕ್ಕೆ ಮೊದಲೇ ಮಾಡುವುದು ಸರಿ.

ಆಮೇಲೆ ಮುಖ್ಯವಾದದ್ದು. ದೋಣಿಯ ಇಂಜಿನ್ ಹೊರಗಿನ ನೀರನ್ನು ಎಳೆದುಕೊಂಡು ತಣ್ಣಗಾಗುತ್ತದೆ. ಆ ದಾರಿಯಲ್ಲಿ ನೀರು ಉಳಿಯಬಾರದು. ಅದರ ಜಾಗದಲ್ಲಿ ಗುಲಾಬಿ ಬಣ್ಣದ ಆಂಟಿಫ್ರೀಜ್, ಅಂದರೆ ಚಳಿಗೆ ನೀರಿನಂತೆ ಗಟ್ಟಿಯಾಗದ ದ್ರವ, ಇರಬೇಕು. ಪ್ರೊಪಿಲೀನ್ ಗ್ಲೈಕಾಲ್ ಇರುವುದನ್ನೇ ಕೊಳ್ಳಿ. ಕಾರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ. ರುಚಿ ಸಿಹಿ, ನಾಯಿ ನೆಕ್ಕಿದರೆ ಸಾಯುತ್ತದೆ. ಅದನ್ನು ಕೆರೆಗೋ ಸರೋವರಕ್ಕೋ ಬಿಡುವ ಮಾತೇ ಇಲ್ಲ.

ಕ್ರಮ ಹೀಗೆ. ಇಂಜಿನ್ ಬಿಸಿ ಇರಲಿ, ಹೊರಗಿನ ನೀರಿನಿಂದಲೇ ನೇರವಾಗಿ ತಣ್ಣಗಾಗುವ ಹಳೇ ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ (ಬಿಸಿಯಾದಾಗ ಮಾತ್ರ ತೆರೆಯುವ ವಾಲ್ವ್) ತೆರೆಯದಿದ್ದರೆ ಆಂಟಿಫ್ರೀಜ್ ಬ್ಲಾಕ್ ಒಳಗೆ ಹೋಗುವುದೇ ಇಲ್ಲ. ಇಂಜಿನ್ ನಿಲ್ಲಿಸಿ, ನೀರೆಳೆಯುವ ವಾಲ್ವ್ ಮುಚ್ಚಿ. ಹೋಸ್ ಬಿಚ್ಚಿ, ಅದರ ತುದಿಯನ್ನು ಆಂಟಿಫ್ರೀಜ್ ತುಂಬಿದ ಬಕೆಟ್‌ನಲ್ಲಿ ಇಳಿಸಿ. ಒಬ್ಬರು ಬಕೆಟ್ ಹತ್ತಿರ, ಇನ್ನೊಬ್ಬರು ಹೊರಗೆ ಸೈಲೆನ್ಸರ್ ಬಾಯಿಯ ಹತ್ತಿರ ನಿಲ್ಲಿ, ಅಲ್ಲಿ ಹೊರಬರುವುದನ್ನು ಹಿಡಿಯಲು ಒಂದು ಡಬ್ಬ ಇರಲಿ. ಸ್ಟಾರ್ಟ್ ಮಾಡಿ. ಸಣ್ಣ ಇಂಜಿನ್‌ಗೆ 10ರಿಂದ 15 ಲೀಟರ್ ಬೇಕಾಗುತ್ತದೆ. ಹೊರಗೆ ಗಾಢ ಗುಲಾಬಿ ಬಣ್ಣ ಬಂದ ಕೂಡಲೇ ಕೂಗಿ ಹೇಳಿ, ನಿಲ್ಲಿಸಿ. ಬಕೆಟ್ ಖಾಲಿಯಾಗಲು ಬಿಡಬೇಡಿ. ಪಂಪಿನೊಳಗೆ ನೀರು ತಳ್ಳುವ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್, ಒಣಗಿ ಓಡಿದರೆ ಬೇಗ ಸುಟ್ಟುಹೋಗುತ್ತದೆ.

ಡಬ್ಬದ ಮೇಲೆ ಮೈನಸ್ 50 ಎಂದು ಬರೆದಿರುತ್ತದೆ. ಅದು ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಮೈನಸ್ 45ರ ಹತ್ತಿರ. ಅದೂ ಪೈಪು ಒಡೆಯದಿರುವ ಮಿತಿ. ಸುಮಾರು ಮೈನಸ್ 10, 12ಕ್ಕೇ ಅದು ಮೆತ್ತಗಿನ ಐಸ್‌ನಂತೆ ಆಗುತ್ತದೆ, ಆದರೆ ಪೈಪನ್ನು ಸೀಳುವುದಿಲ್ಲ. ನೀರು ಬೆರೆಸಬೇಡಿ. ಪೈಪಿನಲ್ಲಿ ಉಳಿದ ಹಳೇ ನೀರು ಬೆರೆತರೂ ಶಕ್ತಿ ಕಡಿಮೆ ಆಗುತ್ತದೆ. ಅದಕ್ಕೇ ಬಣ್ಣ ಗಾಢವಾಗುವವರೆಗೆ ಕಾಯಬೇಕು.

ಮುಗಿದ ಮೇಲೆ ಇಂಜಿನ್ ಕೀಯನ್ನು ಆ ಮುಚ್ಚಿದ ವಾಲ್ವಿನ ಹಿಡಿಗೇ ಕಟ್ಟಿಡಿ. ಏಪ್ರಿಲ್‌ನಲ್ಲಿ ಕೀ ಬೇಕಾದರೆ ವಾಲ್ವಿನ ಹತ್ತಿರ ಹೋಗಲೇಬೇಕು.

ವಾಲ್ವುಗಳು: ಇಲ್ಲಿ ಅವಸರ ಬೇಡ

ಒಂದು ಹಾಳೆ ತೆಗೆದುಕೊಂಡು ದೋಣಿಯ ಚಿತ್ರ ಬರೆಯಿರಿ. ದೋಣಿಯ ಮೈಯಲ್ಲಿರುವ ಪ್ರತಿ ತೂತನ್ನೂ ಗುರುತು ಮಾಡಿ. ಇಂಜಿನ್, ಸಿಂಕು, ಬಚ್ಚಲು, ಶೌಚಾಲಯಕ್ಕೆ ಒಳಬರುವುದು, ಹೊರಹೋಗುವುದು, ಕೂರುವ ತಗ್ಗು ಜಾಗದ ನೀರು ಹೋಗುವುದು. ಎಷ್ಟಿವೆ ಎಂದು ಎಣಿಸಿ ಸಂಖ್ಯೆ ಬರೆಯಿರಿ. ನಾನು ಮರೆತದ್ದು ಇದನ್ನೇ.

ಪ್ರತಿ ವಾಲ್ವಿನ ಪಕ್ಕದಲ್ಲಿ ಆ ಅಳತೆಯ ಮೆತ್ತನೆ ಮರದ ಬಿರಡೆ ದಾರದಿಂದ ಕಟ್ಟಿರಲಿ. ವಾಲ್ವ್ ಮುಚ್ಚಿ, ಬಿರಡೆ ಕೈಯಲ್ಲಿ ಹಿಡಿದು, ಆಮೇಲೆ ಹೋಸ್ ಬಿಚ್ಚಿ. ಹೋಸ್‌ನಲ್ಲಿದ್ದ ನೀರು ಸುರಿದು ನಿಲ್ಲಬೇಕು. ನಿಲ್ಲದೆ ಬರುತ್ತಲೇ ಇದ್ದರೆ ವಾಲ್ವ್ ಕೆಟ್ಟಿದೆ ಎಂದರ್ಥ. ಆ ದೋಣಿಯನ್ನು ನೀರಲ್ಲಿ ಬಿಡುವ ಯೋಚನೆ ಅಲ್ಲಿಗೇ ಬಿಡಿ. ಎಷ್ಟು ಖರ್ಚಾದರೂ ದಡಕ್ಕೆ ಎತ್ತಿಸಿ.

ಬಾಲ್ ವಾಲ್ವ್ ಮುಚ್ಚಿದರೂ ಒಳಗಿನ ಗುಂಡಿನ ತೂತಿನಲ್ಲಿ ಒಂದಿಷ್ಟು ನೀರು ಸಿಕ್ಕಿಹಾಕಿಕೊಳ್ಳುತ್ತದೆ. ನಮ್ಮೂರಲ್ಲಿ ಇದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಕೆಡಿಸಿಕೊಳ್ಳಬೇಕಾಗಿಯೂ ಇಲ್ಲ. ಅಲ್ಲಿ ಅಷ್ಟು ನೀರೇ ವಾಲ್ವಿನ ಒಡಲನ್ನು ಸೀಳಲು ಸಾಕು. ಅದಕ್ಕೊಂದು ಉಪಾಯ ಇದೆ. ವಾಲ್ವಿಗೆ ಒಂದು ಹೋಸ್ ತುಂಡು ಹಾಕಿ ಕ್ಲಿಪ್ ಬಿಗಿಯಿರಿ. ಅದರ ಮೇಲ್ತುದಿ ಹೊರಗಿನ ನೀರಿನ ಮಟ್ಟಕ್ಕಿಂತ ಒಂದು ಅಡಿಯಾದರೂ ಎತ್ತರ ಇರಲಿ. ಅದರ ತುಂಬ ಗುಲಾಬಿ ಆಂಟಿಫ್ರೀಜ್ ಸುರಿಯಿರಿ. ವಾಲ್ವನ್ನು ನಿಧಾನವಾಗಿ ತೆರೆಯಿರಿ. ಆಂಟಿಫ್ರೀಜ್ ನೀರಿಗಿಂತ ಭಾರ, ಕೆಳಗಿಳಿದು ನೀರನ್ನು ತಳ್ಳುತ್ತದೆ. ಕೂಡಲೇ ಮುಚ್ಚಿ. ಈಗ ಗುಂಡಿನೊಳಗೆ ಇರುವುದು ನೀರಲ್ಲ.

ನೀರಿನ ಮಟ್ಟಕ್ಕಿಂತ ಕೆಳಗಿನ ಪ್ರತಿ ಹೋಸ್‌ಗೂ ಎರಡೆರಡು ಸ್ಟೇನ್‌ಲೆಸ್ ಕ್ಲಿಪ್ ಇರಬೇಕು. ಹಳೇ ದೋಣಿಯಲ್ಲಿ ಹಿತ್ತಾಳೆಯ ಗೇಟ್ ವಾಲ್ವ್ ಇದ್ದರೆ ಕೆರೆದು ನೋಡಿ. ಹಳದಿಯ ಬದಲು ತಾಮ್ರದಂಥ ಗುಲಾಬಿ ಬಣ್ಣ ಕಂಡರೆ ಅದರಲ್ಲಿನ ಸತು ಕರಗಿಹೋಗಿದೆ. ಮೇಲೆ ಗಟ್ಟಿ ಕಂಡರೂ ತಟ್ಟಿದರೆ ಮುರಿಯುತ್ತದೆ.

ಮುಚ್ಚಬಾರದ್ದು ಒಂದೇ. ಕೂರುವ ತಗ್ಗಿನಿಂದ, ಅಂದರೆ ಕಾಕ್‌ಪಿಟ್‌ನಿಂದ, ಮಳೆನೀರು ಹೊರಗೆ ಹೋಗುವ ದಾರಿ. ಅದನ್ನು ಮುಚ್ಚಿದರೆ ಕರಗಿದ ಹಿಮ ಅಲ್ಲೇ ತುಂಬಿ ದೋಣಿಯೊಳಗೆ ಇಳಿಯುತ್ತದೆ. ತೆರೆದಿದ್ದರೆ ಅದರೊಳಗಿನ ನೀರು ಗಟ್ಟಿಯಾಗುತ್ತದೆ. ಇದಕ್ಕೆ ಒಳ್ಳೆಯ ದಾರಿ ಅಂದರೆ ಕಾಕ್‌ಪಿಟ್ ಮೇಲೆ ಹಿಮ ಬೀಳದಂತೆ ಹೊದಿಕೆ ಹಾಕುವುದು. ವಾರಕ್ಕೊಮ್ಮೆ ಆ ಬಾಯಿಗೆ ಸ್ವಲ್ಪ ಆಂಟಿಫ್ರೀಜ್ ಸುರಿಯುವುದು. ಆ ಹೋಸ್ ಹಳೆಯದಾಗಿದ್ದರೆ ಚಳಿಗೆ ಮೊದಲೇ ಬದಲಿಸಿ.

ಪ್ರೊಪೆಲ್ಲರ್ ಶಾಫ್ಟ್ ಹೊರಗೆ ಹೋಗುವ ಜಾಗದ ಗ್ಲ್ಯಾಂಡ್ ನಮ್ಮ ಹಳೇ ಪಂಪ್‌ಸೆಟ್ ಗ್ಲ್ಯಾಂಡಿನಂತೆಯೇ. ಒಳಗೆ ಸುತ್ತಿದ ದಾರ, ಹೊರಗೆ ಬಿಗಿಯುವ ನಟ್ಟು. ಬೇಸಿಗೆಯಲ್ಲಿ ಹನಿ ಹನಿ ಜಿನುಗಬೇಕು. ಚಳಿಗೆ ಮೊದಲು ಹನಿ ನಿಲ್ಲುವಷ್ಟು ಬಿಗಿಯಿರಿ, ಎಷ್ಟು ಸುತ್ತು ಬಿಗಿದಿರಿ ಎಂದು ಟೇಪ್ ಅಂಟಿಸಿ ಅದರ ಮೇಲೆ ಬರೆದಿಡಿ.

ಕುಡಿಯುವ ನೀರು, ಶೌಚಾಲಯ

ಟ್ಯಾಂಕ್ ಖಾಲಿ ಮಾಡಿ. ಗೀಸರ್ ನೀರನ್ನು ಚೆಲ್ಲಿ, ಅದರ ಒಳಹೋಗುವ ಮತ್ತು ಹೊರಬರುವ ಪೈಪುಗಳನ್ನು ನೇರವಾಗಿ ಜೋಡಿಸಿ. ಇಲ್ಲದಿದ್ದರೆ ಗೀಸರ್ ಒಂದೇ ಇಪ್ಪತ್ತು, ಮೂವತ್ತು ಲೀಟರ್ ಆಂಟಿಫ್ರೀಜ್ ನುಂಗುತ್ತದೆ. ಖಾಲಿ ಟ್ಯಾಂಕಿಗೆ ಆಂಟಿಫ್ರೀಜ್ ಸುರಿದು ಪಂಪ್ ಹಾಕಿ, ಪ್ರತಿ ನಲ್ಲಿಯಲ್ಲೂ ಬಿಸಿ, ತಣ್ಣೀರು ಎರಡರಲ್ಲೂ ಗುಲಾಬಿ ಬಣ್ಣ ಬರುವವರೆಗೆ ಬಿಡಿ. ಷವರ್ ಮತ್ತು ಕಾಲಲ್ಲಿ ಒತ್ತುವ ಪಂಪ್ ಮರೆತುಹೋಗುವ ಜಾಗಗಳು. ನಲ್ಲಿಗಳು ತೆರೆದೇ ಇರಲಿ.

ಶೌಚಾಲಯದ ಟ್ಯಾಂಕನ್ನು ಮೊದಲು ದೋಣಿ ನಿಲ್ದಾಣದಲ್ಲಿ, ಅಂದರೆ ಮರೀನಾದಲ್ಲಿ, ಹೀರಿಸಿ ಖಾಲಿ ಮಾಡಿಸಿ. ಆಮೇಲೆ ಒಳಬರುವ ಹೋಸ್ ಬಿಚ್ಚಿ, ಆಂಟಿಫ್ರೀಜ್ ಡಬ್ಬಕ್ಕೆ ಇಳಿಸಿ, ಪಂಪ್ ಮಾಡಿ.

ಬಿಲ್ಜ್ ಮತ್ತು ಬ್ಯಾಟರಿ

ಬಿಲ್ಜ್ ಅಂದರೆ ದೋಣಿಯ ಎಲ್ಲಕ್ಕಿಂತ ತಗ್ಗಾದ ತಳ. ಸೋರಿದ್ದೆಲ್ಲ ಅಲ್ಲಿಗೇ ಬರುತ್ತದೆ. ಅದನ್ನು ಒರೆಸಿ ಒಣಗಿಸಿ. ನೀರು ಏರಿದಾಗ ತೇಲಿ ಪಂಪನ್ನು ಚಾಲೂ ಮಾಡುವ ಫ್ಲೋಟ್ ಗಡ್ಡೆಯಲ್ಲಿ ಸಿಕ್ಕಿಕೊಂಡರೆ ನೀರು ಬಂದರೂ ಪಂಪ್ ಓಡುವುದಿಲ್ಲ. ಪಂಪಿನಿಂದ ಹೊರಗೆ ಹೋಗುವ ಹೋಸ್ ಎಲ್ಲೂ ಜೋತುಬಿದ್ದಿರಬಾರದು. ಜೋತ ಜಾಗದಲ್ಲಿ ನಿಂತ ನೀರು ಗಟ್ಟಿಯಾಗಿ ದಾರಿ ಕಟ್ಟುತ್ತದೆ.

ಪೂರ್ತಿ ಚಾರ್ಜ್ ಆದ ಲೆಡ್ ಆಸಿಡ್ ಬ್ಯಾಟರಿ ಮೈನಸ್ 50ಕ್ಕೂ ಗಟ್ಟಿಯಾಗುವುದಿಲ್ಲ. ಚಾರ್ಜ್ ಪೂರ್ತಿ ಇಳಿದದ್ದು ಮೈನಸ್ 10ರೊಳಗೇ ಗಟ್ಟಿಯಾಗಿ ಒಡೆಯುತ್ತದೆ. ಹಾಗಾಗಿ ಚಾರ್ಜರ್ ಜೋಡಿಸಿರಲಿ. ಲಿಥಿಯಂ ಬ್ಯಾಟರಿ ಆದರೆ ಮಾತು ಬೇರೆ. ಸೊನ್ನೆಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಿದರೆ ಹಾಳಾಗುತ್ತದೆ. ಬಿಚ್ಚಿ ಮನೆಗೆ ತನ್ನಿ, ಬಿಲ್ಜ್ ಪಂಪಿಗೆ ಒಂದು ಲೆಡ್ ಆಸಿಡ್ ಇಡಿ.

ಒಳಗೆ ಹೀಟರ್ ಇಟ್ಟರೆ ಇಷ್ಟೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಕರೆಂಟ್ ಹೋಗುವುದು ಬಿರುಗಾಳಿಯ ರಾತ್ರಿಯೇ. ಹೀಟರ್ ಇರಲಿ, ಆದರೆ ಅದನ್ನು ನಂಬಿ ಪೈಪಿನಲ್ಲಿ ನೀರು ಬಿಡಬೇಡಿ. ಒಳಗೆ ಇದ್ದು ವಾಸ ಮಾಡುವವರಾದರೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕಡ್ಡಾಯ. ಹಿಮ ಬಿದ್ದು ಗಾಳಿ ಕಿಂಡಿ ಮುಚ್ಚಿದರೆ ಆ ವಿಷಾನಿಲ ಒಳಗೇ ತುಂಬುತ್ತದೆ, ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಹೊದಿಕೆ, ಹಿಮದ ಭಾರ

ಹಿಮ ಹತ್ತಿಯ ಹಾಗೆ ಕಾಣುತ್ತದೆ. ಕುಗ್ಗಿ ಕೂತ ಹಿಮ ಒಂದು ಘನ ಮೀಟರ್‌ಗೆ ಸುಮಾರು 200 ಕೆಜಿ ತೂಗುತ್ತದೆ. 20 ಚದರ ಮೀಟರ್ ಡೆಕ್ ಮೇಲೆ ಒಂದು ಅಡಿ ಕೂತರೆ 1200 ಕೆಜಿ. ನಮ್ಮ ಮಂಡಿಯ 50 ಕೆಜಿಯ 24 ಕೊಬ್ಬರಿ ಮೂಟೆ ಡೆಕ್ ಮೇಲೆ ಇಟ್ಟ ಲೆಕ್ಕ. ದೋಣಿ ಅಷ್ಟು ತಗ್ಗುತ್ತದೆ. ಮಾಮೂಲಿಗೆ ನೀರಿನಿಂದ ಮೇಲಿರುವ ಬಿಲ್ಜ್ ಪಂಪಿನ ಬಾಯಿ ನೀರೊಳಗೆ ಹೋಗುತ್ತದೆ, ಬಿಸಿಲಿಗೆ ಸೀಳಿದ ಪ್ಲಾಸ್ಟಿಕ್ ಬಾಯಿಯಾದರೆ ಅಲ್ಲಿಂದಲೇ ನೀರು ಒಳಗೆ ಬರುತ್ತದೆ. ಹೀಗೆ ಮುಳುಗಿದ ದೋಣಿಗಳನ್ನು ಎತ್ತಲು ನಾನೇ ಹೋಗಿದ್ದೇನೆ.

ಮರದ ಪಟ್ಟಿಗಳಿಂದ ಚಪ್ಪರದಂತೆ ಚೌಕಟ್ಟು ಕಟ್ಟಿ. ಇಳಿಜಾರು ಕಡಿದಾಗಿರಲಿ, ಹಿಮ ತಾನೇ ಜಾರಬೇಕು. ಅದರ ಮೇಲೆ ಟಾರ್ಪಾಲು ಎಳೆದು ಕಟ್ಟಿ, ಅಥವಾ ಬಿಸಿ ಗಾಳಿಯಿಂದ ಕುಗ್ಗಿಸುವ ಪ್ಲಾಸ್ಟಿಕ್ ಹಾಕಿಸಿ. ಎರಡೂ ತುದಿಯಲ್ಲಿ ಗಾಳಿ ಕಿಂಡಿ ಬಿಡಲೇಬೇಕು, ಇಲ್ಲದಿದ್ದರೆ ಒಳಗೆಲ್ಲ ಬೂಸ್ಟು ಹಿಡಿಯುತ್ತದೆ. ಹಿಮ ಗುಡಿಸಲು ಮೆತ್ತನೆ ಪೊರಕೆ ಅಥವಾ ಪ್ಲಾಸ್ಟಿಕ್ ಸಲಿಕೆ ಮಾತ್ರ.

ಸುತ್ತಲಿನ ಮಂಜುಗಡ್ಡೆ

ಸಿಹಿನೀರು 4 ಡಿಗ್ರಿಯಲ್ಲಿ ಎಲ್ಲಕ್ಕಿಂತ ಭಾರ. ಹಾಗಾಗಿ ಮೇಲೆ ಗಡ್ಡೆ ಕಟ್ಟಿದರೂ ತಳದ ನೀರು ಸೊನ್ನೆಗಿಂತ ಬೆಚ್ಚಗಿರುತ್ತದೆ. ಆ ನೀರನ್ನು ಮೇಲೆ ತಂದರೆ ದೋಣಿಯ ಸುತ್ತ ಗಡ್ಡೆ ಕಟ್ಟುವುದಿಲ್ಲ. ಇದಕ್ಕೆ ಎರಡು ಬಗೆ. ತಳದಲ್ಲಿ ತೂತಿನ ಪೈಪು ಹಾಸಿ ಗಾಳಿ ಊದಿ ಗುಳ್ಳೆ ಎಬ್ಬಿಸುವುದು ಒಂದು. ಅರ್ಧ ಅಥವಾ ಮುಕ್ಕಾಲು ಎಚ್‌ಪಿಯ ಸಣ್ಣ ಪ್ರೊಪೆಲ್ಲರ್ ಮೋಟಾರನ್ನು ದೋಣಿಯ ಕೆಳಗೆ ಹಗ್ಗದಲ್ಲಿ ತೂಗುಬಿಡುವುದು ಇನ್ನೊಂದು. ಚಳಿ ನೋಡಿ ತಾನೇ ಆನ್ ಆಫ್ ಆಗುವ ಥರ್ಮೋಸ್ಟಾಟ್ ಸ್ವಿಚ್ ಹಾಕಿ, ಚಳಿ ಇದ್ದಾಗ ಮಾತ್ರ ಓಡಲಿ. ನೀರೊಳಗಿನ ಮೋಟಾರ್ ಆದ್ದರಿಂದ ಕರೆಂಟ್ ಸೋರಿದರೆ ಕೂಡಲೇ ಕಡಿಯುವ ಬ್ರೇಕರ್ ಇರಲೇಬೇಕು. ಅಕ್ಕಪಕ್ಕದಲ್ಲಿ ಗಡ್ಡೆ ಮೇಲೆ ನಡೆದಾಡುವವರಿಗೆ ಕಾಣುವಂತೆ ಎಚ್ಚರಿಕೆ ಬೋರ್ಡ್ ಹಾಕಿ.

ಉಪ್ಪು ಸಮುದ್ರದಲ್ಲಿ ಈ ಉಪಾಯ ಅಷ್ಟು ನಡೆಯುವುದಿಲ್ಲ. ಸಮುದ್ರದ ನೀರು ಮೈನಸ್ 1.8ರ ಹತ್ತಿರ ಹೆಪ್ಪುಗಟ್ಟುತ್ತದೆ, ಅಲ್ಲಿಯವರೆಗೂ ತಣ್ಣಗಾದಷ್ಟೂ ಭಾರವಾಗುತ್ತಲೇ ಹೋಗುತ್ತದೆ. ತಳದಲ್ಲಿ ಬೆಚ್ಚನೆ ನೀರು ಉಳಿಯುವುದಿಲ್ಲ. ಬಾಲ್ಟಿಕ್ ಸಮುದ್ರದಲ್ಲಿ ಉಪ್ಪು ಕಡಿಮೆ, ಅಲ್ಲಿ ಸ್ವಲ್ಪ ಮಟ್ಟಿಗೆ ಕೆಲಸ ಮಾಡುತ್ತದೆ.

ಗಡ್ಡೆ ಕಟ್ಟಿದ್ದರೆ ಸುತ್ತಿಗೆಯಿಂದ ಹೊಡೆಯಬೇಡಿ. ಅಲುಗಾಡದ ಗಡ್ಡೆಗಿಂತ ಗಾಳಿಗೆ ಚಲಿಸುವ ಗಡ್ಡೆ ಅಪಾಯ. ಆದ್ದರಿಂದ ಒಳಗಿನ, ಮರೆಯಾದ ಜಾಗ ಕೇಳಿ ಪಡೆಯಿರಿ. ಕಟ್ಟುವ ಹಗ್ಗ ನೈಲಾನ್ ಇರಲಿ, ಎಳೆದರೆ ಹಿಗ್ಗುತ್ತದೆ. ಪ್ರತಿ ಹಗ್ಗಕ್ಕೂ ಜೋಡಿ ಇರಲಿ, ಉಜ್ಜುವ ಜಾಗಕ್ಕೆ ಹಳೇ ಹೋಸ್ ತುಂಡು ತೊಡಿಸಿ.

ವಾರಕ್ಕೊಮ್ಮೆ ಹೋಗಿ ನೋಡಿ

ಬಿಲ್ಜ್, ಹಗ್ಗ, ಬ್ಯಾಟರಿ, ಹೊದಿಕೆ, ಮೋಟಾರ್. ಹತ್ತು ನಿಮಿಷ ಸಾಕು. ಬಿರುಗಾಳಿ ಅಥವಾ ದೊಡ್ಡ ಹಿಮದ ಮರುದಿನವಂತೂ ಹೋಗಲೇಬೇಕು. ಊರಿಗೆ ಬರುವುದಿದ್ದರೆ ಕೀ ಮತ್ತು ಆ ಚಿತ್ರದ ಹಾಳೆಯನ್ನು ನಂಬಿಕಸ್ತರಿಗೆ ಕೊಟ್ಟು ಬನ್ನಿ. ನೀರಲ್ಲೇ ಇರುವಾಗ ಗಡ್ಡೆಯಿಂದಾಗುವ ನಷ್ಟಕ್ಕೆ ವಿಮೆ ಇದೆಯೇ ಎಂದು ಬರಹದಲ್ಲಿ ಕೇಳಿ ಪಡೆದಿಡಿ.

ದೋಣಿಗಿಂತ ನೀವು ಮುಖ್ಯ. ದೋಣಿ ಕಟ್ಟುವ ಜೆಟ್ಟಿ ಕಟ್ಟೆ ಮೇಲಿನ ಹಿಮ ಎಣ್ಣೆ ಚೆಲ್ಲಿದ ಹಾಗೆ ಜಾರುತ್ತದೆ. ಅಂಥ ನೀರಿಗೆ ಬಿದ್ದರೆ ಮೊದಲ 1 ನಿಮಿಷ ಉಸಿರು ಹಿಡಿತಕ್ಕೆ ಸಿಗುವುದಿಲ್ಲ. ಆಮೇಲೆ ಕೈಕಾಲು ಆಡುವುದು ಸುಮಾರು 10 ನಿಮಿಷ. ಪ್ರಜ್ಞೆ ಉಳಿಯುವುದು ಸುಮಾರು 1 ಗಂಟೆ. ಕೆನಡಾದಲ್ಲಿ ಇದನ್ನು 1-10-1 ಎಂದೇ ಕಲಿಸುತ್ತಾರೆ. ಈಜು ಬಂದರೂ ಲೈಫ್ ಜಾಕೆಟ್ ಹಾಕಿಯೇ ಹೋಗಿ, ಒಬ್ಬರೇ ಹೋಗಬೇಡಿ, ಜೆಟ್ಟಿಯ ಏಣಿ ಎಲ್ಲಿದೆ ಎಂದು ಮೊದಲೇ ನೋಡಿಕೊಳ್ಳಿ.

ಕರಗುವ ದಿನಗಳು

ಹಗಲು ಸೊನ್ನೆ ದಾಟಲು ಶುರುವಾದ ಕೂಡಲೇ ವಾರಕ್ಕೊಮ್ಮೆ ಸಾಲದು, ದಿನ ಬಿಟ್ಟು ದಿನ ಹೋಗಿ. ರಾತ್ರಿಯೂ ಸೊನ್ನೆಗಿಂತ ಮೇಲೆ ನಿಂತ ಮೇಲೆ ವಾಲ್ವುಗಳನ್ನು ಒಂದೊಂದಾಗಿ ತೆರೆಯಿರಿ. ಹೋಸ್ ಜೋಡಿಸಿ, ಎರಡೂ ಕ್ಲಿಪ್ ಬಿಗಿದು, ವಾಲ್ವ್ ಅರ್ಧ ತೆರೆದು, ಟಾರ್ಚ್ ಹಿಡಿದು ಕಾದು ನೋಡಿ. ಒಣ ಟಿಶ್ಯೂ ಕಾಗದ ಸುತ್ತಿದರೆ ಕಣ್ಣಿಗೆ ಕಾಣದ ಬಿರುಕೂ ಗೊತ್ತಾಗುತ್ತದೆ. ಹಾಳೆಯಲ್ಲಿ ಗುರುತು ಹಾಕಿ, ಆಮೇಲೆ ಮುಂದಿನದಕ್ಕೆ ಹೋಗಿ.

ಇಂಜಿನ್ ಸ್ಟಾರ್ಟ್ ಮಾಡಿದಾಗ ಹೊರಬರುವ ಗುಲಾಬಿ ದ್ರವವನ್ನು ಬಕೆಟ್‌ನಲ್ಲಿ ಹಿಡಿಯಿರಿ. ಗ್ಲ್ಯಾಂಡಿನ ನಟ್ಟನ್ನು ಟೇಪ್ ಮೇಲೆ ಬರೆದಷ್ಟೇ ಸಡಿಲಿಸಿ, ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಎರಡು ಮೂರು ಹನಿ ಬರಲಿ.

ಎಲ್ಲ ತೆರೆದ ಆ ವಾರ ಒಂದು ರಾತ್ರಿ ದೋಣಿಯಲ್ಲೇ ಮಲಗಿ. ತಂಗಿಯ ಮಗನಿಗೂ ಇದನ್ನೇ ಹೇಳಿದ್ದೇನೆ. ಬಿಲ್ಜ್ ಪಂಪ್ ಎಷ್ಟು ಸಲ ಓಡಿತು ಎಂದು ಎಣಿಸಿ, ಬೆಳಗ್ಗೆ ನನಗೆ ಫೋನ್ ಮಾಡಬೇಕು.